ಮೈಸೂರಿನ ಶಾಂತ ಬಡಾವಣೆಗಳಲ್ಲಿ ಊಟ-ತಿಂಡಿ: ಯಾವ ಹೊತ್ತಿಗೆ ಯಾವ ಹೋಟೆಲು?

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ಟಿ.ಕೆ. ಬಡಾವಣೆ, ರಾಮಕೃಷ್ಣನಗರ ಇಂಥ ಕಡೆ ಹೊಸದಾಗಿ ಮನೆ ಮಾಡಿದವರು ಹಾಲಿನವರನ್ನೂ ಪೇಪರಿನವರನ್ನೂ ಗೊತ್ತು ಮಾಡಿಕೊಂಡ ಮೇಲೆ ಅಕ್ಕಪಕ್ಕದವರನ್ನು ಕೇಳುವ ಮುಂದಿನ ಪ್ರಶ್ನೆ, ಹತ್ತಿರದಲ್ಲಿ ಒಳ್ಳೆಯ ಹೋಟೆಲು ಯಾವುದು ಎಂಬುದು. ಇದಕ್ಕೆ ಒಂದೇ ಹೆಸರು ಹೇಳಿ ಮುಗಿಸುವವರ ಮಾತನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಜರ್‌ಬಾದಿನ ಮೈಲಾರಿ, ಚಾಮುಂಡಿಪುರಂನ ಜಿ.ಟಿ.ಆರ್., ಮಂಡಿ ಮೊಹಲ್ಲಾದ ಹನುಮಂತು ಇವೆಲ್ಲ ಊರಿಗೇ ಹೆಸರಾದ ಜಾಗಗಳು. ಅಲ್ಲಿಗೆ ಪರಊರಿನವರೂ ಹುಡುಕಿಕೊಂಡು ಬರುತ್ತಾರೆ, ಆದ್ದರಿಂದ ಒಲೆ ಆರುವುದಿಲ್ಲ, ಮಾಡಿದ್ದು ಕೂಡಲೇ ಖರ್ಚಾಗುತ್ತದೆ. ಬಡಾವಣೆಯ ಹೋಟೆಲಿನ ಪರಿಸ್ಥಿತಿ ಇದಕ್ಕಿಂತ ಬೇರೆ. ಅಲ್ಲಿಗೆ ಬರುವವರು ಸುತ್ತಮುತ್ತಲಿನ ಬೀದಿಗಳವರು, ಅದೂ ಬೆಳಗ್ಗೆ ಎರಡು ಗಂಟೆ ಕಾಲ, ಮಧ್ಯಾಹ್ನ ಒಂದೂವರೆ ಗಂಟೆ ಕಾಲ, ಸಂಜೆ ಸ್ವಲ್ಪ ಹೊತ್ತು. ಉಳಿದ ಹೊತ್ತಿನಲ್ಲಿ ಮಾಡಿಟ್ಟ ಪದಾರ್ಥ ಗಿರಾಕಿಗಾಗಿ ಕಾಯುತ್ತಿರುತ್ತದೆ.

ಆದ್ದರಿಂದ ಇಲ್ಲಿ ಹೋಲಿಸಬೇಕಾದದ್ದು ಯಾರ ಕೈರುಚಿ ಹೆಚ್ಚು ಎಂಬುದಕ್ಕಿಂತ ಯಾರು ಎಷ್ಟು ಅಳೆದು ಮಾಡುತ್ತಾರೆ ಎಂಬುದನ್ನು. ಹನ್ನೊಂದು ಗಂಟೆಗೆ ಹೋಗಿ ಖಾರಾಬಾತ್ ಕೇಳಿದಾಗ ‘ಖಾಲಿ ಸಾರ್’ ಎನ್ನುವ ಹೋಟೆಲಿನ ಬಗ್ಗೆ ಆ ಗಳಿಗೆಯಲ್ಲಿ ಬೇಸರವಾಗುತ್ತದೆ. ಆದರೆ ಮರುದಿನ ಎಂಟು ಗಂಟೆಗೆ ನಿಶ್ಚಿಂತೆಯಿಂದ ಹೋಗಬಹುದಾದ ಹೋಟೆಲು ಅದೇ. ರಾತ್ರಿ ಎಂಟಕ್ಕೂ ಬೆಳಗಿನ ಬಾತು ಸಿಗುವ ಕಡೆ ಅದು ಯಾವ ಹೊತ್ತಿನದೆಂದು ನೀವೇ ಊಹಿಸಬೇಕಾಗುತ್ತದೆ.

ಬೆಳಗಿನ ತಿಂಡಿ

ಬಡಾವಣೆಗಳಲ್ಲಿ ತಿಂಡಿಗೆ ಸಾಮಾನ್ಯವಾಗಿ ಎರಡು ದಾರಿಗಳಿವೆ: ನಿಂತು ತಿನ್ನುವ ದರ್ಶಿನಿ ಮತ್ತು ಕೂತು ತಿನ್ನುವ ಹಳೆಯ ಮಾದರಿಯ ಹೋಟೆಲು. ದರ್ಶಿನಿ ಎಂಬ ಪದ್ಧತಿ ಬೆಂಗಳೂರಿನದು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಆರಂಭಿಸಿದ ಕೆಫೆ ದರ್ಶಿನಿಯಿಂದ ಅದಕ್ಕೆ ಆ ಹೆಸರು ನಿಂತಿತು. ಸರ್ವರ್ ಇಲ್ಲ, ಕುರ್ಚಿ ಇಲ್ಲ, ಅಡುಗೆಮನೆ ಕಣ್ಣೆದುರಿಗೇ ಇರುತ್ತದೆ. ಈ ಕೊನೆಯ ಅಂಶವೇ ಗಿರಾಕಿಗೆ ಸಿಗುವ ದೊಡ್ಡ ಅನುಕೂಲ. ಕೂಪನ್ ಹಿಡಿದು ನಿಂತ ನಾಲ್ಕು ನಿಮಿಷದಲ್ಲಿ ಹಿಟ್ಟಿನ ಪಾತ್ರೆಗೆ ಮುಚ್ಚಳವಿದೆಯೇ, ಚಟ್ನಿಯನ್ನು ದೊಡ್ಡ ಬಕೆಟ್ಟಿನಿಂದ ಬಡಿಸುತ್ತಿದ್ದಾರೆಯೇ ಅಥವಾ ಸಣ್ಣ ಪಾತ್ರೆಯನ್ನು ಆಗಾಗ ತುಂಬಿಸಿಕೊಳ್ಳುತ್ತಿದ್ದಾರೆಯೇ, ತಟ್ಟೆ ತೊಳೆಯುವ ನೀರು ಯಾವ ಬಣ್ಣದಲ್ಲಿದೆ ಎಂಬುದೆಲ್ಲ ಕಾಣುತ್ತದೆ. ಕೂತು ತಿನ್ನುವ ಹೋಟೆಲಿನಲ್ಲಿ ಇವು ಬಾಗಿಲಿನ ಹಿಂದಿರುತ್ತವೆ. ಅಲ್ಲಿ ತಟ್ಟೆಗೆ ಬಂದದ್ದನ್ನೇ ನೋಡಿ ತಿಳಿಯಬೇಕು.

ತಟ್ಟೆಯಲ್ಲಿ ತಿಳಿಯುವುದೂ ಕಡಿಮೆಯೇನಲ್ಲ. ಇಡ್ಲಿಯನ್ನು ಮಗುಚಿ ನೋಡಿ. ಬಟ್ಟೆ ಹಾಸಿ ಬೇಯಿಸಿದ ಇಡ್ಲಿಯ ಒಂದು ಮುಖದಲ್ಲಿ ನೇಯ್ಗೆಯ ಎಳೆ ಎಳೆಯಾದ ಗುರುತು ಮೂಡಿರುತ್ತದೆ; ಎಣ್ಣೆ ಸವರಿದ ತಟ್ಟೆಯಲ್ಲಿ ಬೆಂದದ್ದಕ್ಕೆ ಅಂಚಿನಲ್ಲಿ ತೆಳುವಾದ ಪದರ ಕಟ್ಟಿರುತ್ತದೆ; ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಂದದ್ದು ಗಾಜಿನಂತೆ ನುಣುಪಾಗಿರುತ್ತದೆ, ಕೆಲವೊಮ್ಮೆ ಹಾಳೆಯ ಸುಕ್ಕೂ ಅಚ್ಚಾಗಿರುತ್ತದೆ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದೆಂದು ರಾಜ್ಯದ ಆರೋಗ್ಯ ಇಲಾಖೆ 2025ರ ಫೆಬ್ರವರಿಯಲ್ಲಿ ಹೇಳಿದ ಮೇಲೆ ಹಲವರು ಬಟ್ಟೆಗೆ ಮರಳಿದ್ದಾರೆ. ಮರಳದವರನ್ನು ಗುರುತಿಸುವುದಕ್ಕೆ ಮಗುಚುವಷ್ಟು ಸುಲಭವಾದ ಉಪಾಯ ಬೇರೊಂದಿಲ್ಲ.

ದೋಸೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬಿಗಿಯಾದದ್ದು. ಭಾನುವಾರ ಬೆಳಗ್ಗೆ ಎಂಟೂವರೆಯಿಂದ ಹತ್ತರವರೆಗೆ ಬಡಾವಣೆಯ ಯಾವ ಹೋಟೆಲಿನ ದೋಸೆಯನ್ನೂ ಅಳೆಯಲು ಹೋಗಬಾರದು. ವಾರವಿಡೀ ಅರ್ಧ ತುಂಬುವ ಕಾವಲಿಯ ಮೇಲೆ ಅಂದು ಒಮ್ಮೆಗೆ ಹತ್ತು-ಹನ್ನೆರಡು ದೋಸೆ ಹುಯ್ಯುತ್ತಾರೆ. ತಣ್ಣನೆಯ ಹಿಟ್ಟು ಮೇಲಿಂದ ಮೇಲೆ ಬಿದ್ದು ಕಾವಲಿಯ ಕಾವು ಇಳಿಯುತ್ತದೆ. ಅದು ಮತ್ತೆ ಏರುವವರೆಗೆ ಕಾಯುವ ವ್ಯವಧಾನ ಭಟ್ಟರಿಗೂ ಇರುವುದಿಲ್ಲ, ಸರದಿಯಲ್ಲಿ ನಿಂತವರಿಗೂ ಇರುವುದಿಲ್ಲ. ಪರಿಣಾಮವಾಗಿ ಮೇಲೆ ಕೆಂಪಗಾಗದೆ ಒಳಗೆ ಹಸಿ ಹಸಿಯಾಗಿ ಉಳಿದ ದೋಸೆ ಬರುತ್ತದೆ. ಅದೇ ಭಟ್ಟರು ಬುಧವಾರ ಏಳೂವರೆಗೆ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸಿ, ಆ ‘ಚುಂಯ್’ ಸದ್ದು ಅಡಗಿದ ಮೇಲೆ ಹಿಟ್ಟು ಹುಯ್ದು ಕೊಡುವ ಸೆಟ್ ದೋಸೆ ಬೇರೆಯೇ ಪದಾರ್ಥ. ಆದ್ದರಿಂದ ಹೊಸ ಹೋಟೆಲನ್ನು ವಾರದ ನಡುವೆ ಒಮ್ಮೆ, ಭಾನುವಾರ ಒಮ್ಮೆ ನೋಡಿ. ಎರಡೂ ದಿನ ಒಂದೇ ಹದವಿದ್ದರೆ ಅಂಥ ಕಡೆ ಖಾತೆಯನ್ನೇ ತೆರೆಯಬಹುದು.

ಚಟ್ನಿಯನ್ನು ಹತ್ತೂವರೆಯ ನಂತರ ರುಚಿ ನೋಡಬೇಕು. ಬೆಳಗಿನ ಜಾವದಲ್ಲಿ ರುಬ್ಬಿದ ತೆಂಗಿನಕಾಯಿ ಆ ಹೊತ್ತಿಗೆ ಹುಳಿಯತೊಡಗುತ್ತದೆ. ಅಳೆದು ರುಬ್ಬುವವರ ಬಳಿ ಆಗ ಎರಡನೆಯ ಬಾರಿ ರುಬ್ಬಿದ್ದು ಇರುತ್ತದೆ. ಕಾಫಿಯನ್ನು ಸಂಜೆ ನಾಲ್ಕಕ್ಕೆ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಬೆಳಗ್ಗೆ ಆರಕ್ಕೆ ಎಲ್ಲರ ಡಿಕಾಕ್ಷನ್ನೂ ಹೊಸದೇ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಮುಗಿಸಿ ಬರುವ ಹಿರಿಯರು ಕಾಫಿಯ ವಿಷಯದಲ್ಲಿ ಕೊಡುವ ತೀರ್ಪು ನಂಬಲರ್ಹ, ಆದರೆ ಅದು ಆರೂವರೆಯ ಕಾಫಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

ಒಟ್ಟಾರೆ ಆಯ್ಕೆ ಹೀಗೆ: ಇಡ್ಲಿ-ವಡೆ, ಬಾತು, ಕಾಫಿಗೆ ದರ್ಶಿನಿ, ದೋಸೆಗೆ, ಪೂರಿ-ಸಾಗುವಿಗೆ, ಮಂಡಿನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವುದಕ್ಕೆ ಕೂತು ತಿನ್ನುವ ಹೋಟೆಲು. ನಿಂತು ತಿನ್ನುವ ಕಡೆ ಬೆಲೆ ಕಡಿಮೆ ಎಂಬುದೊಂದನ್ನೇ ನೋಡಿ ನಿರ್ಧರಿಸುವ ಅಗತ್ಯವಿಲ್ಲ. ಆ ವ್ಯತ್ಯಾಸ ಈಗ ಮೊದಲಿನಷ್ಟು ಉಳಿದಿಲ್ಲ.

ಮಧ್ಯಾಹ್ನ: ಮೆಸ್ಸು, ನಾಟಿ ಹೋಟೆಲು

ಮೈಸೂರಿನ ಬಡಾವಣೆಗಳ ನಕ್ಷೆಯನ್ನು ಸ್ವಲ್ಪ ಗಮನಿಸಿದರೆ ಊಟದ ಭೂಗೋಳವೂ ಅರ್ಥವಾಗುತ್ತದೆ. ನೇರ ರಸ್ತೆ, ಸಂಖ್ಯೆಯ ಮೇನು, ಕ್ರಾಸುಗಳ ನಡುವೆ ಹಳೆಯ ಊರುಗಳು ಹಾಗೇ ಉಳಿದುಕೊಂಡಿವೆ. ಸರಸ್ವತಿಪುರಂ ಪಕ್ಕದಲ್ಲಿ ಕನ್ನೇಗೌಡನ ಕೊಪ್ಪಲಿದೆ, ಜಯಲಕ್ಷ್ಮೀಪುರಂ ಪಕ್ಕದಲ್ಲಿ ಪಡುವಾರಹಳ್ಳಿಯಿದೆ, ಟಿ.ಕೆ. ಬಡಾವಣೆಯ ಹೆಸರಿನಲ್ಲೇ ತೊಣಚಿಕೊಪ್ಪಲು ಅಡಗಿದೆ. ಬಡಾವಣೆಯ ಮುಖ್ಯರಸ್ತೆಯಲ್ಲಿ ತಿಂಡಿ, ಕೊಪ್ಪಲಿನ ಕಿರಿದಾದ ಬೀದಿಯಲ್ಲಿ ಊಟ ಎಂಬುದು ಒರಟಾದ ಲೆಕ್ಕವಾದರೂ ನನ್ನನ್ನು ಅದು ದಾರಿ ತಪ್ಪಿಸಿದ್ದು ಕಡಿಮೆ. ಕಾರಣವೂ ಸರಳವಾಗಿದೆ. ಬಡಾವಣೆಯ ಮನೆಗಳಲ್ಲಿ ಮಧ್ಯಾಹ್ನದ ಅಡುಗೆ ಮನೆಯಲ್ಲೇ ಆಗುತ್ತದೆ. ಹೋಟೆಲಿನಲ್ಲಿ ಉಣ್ಣುವವರು ಕೊಠಡಿ ಮಾಡಿಕೊಂಡಿರುವ ವಿದ್ಯಾರ್ಥಿಗಳು, ಗಾರೆ ಕೆಲಸದವರು, ಆಟೋ ಚಾಲಕರು. ಅವರು ಇರುವ ಕಡೆ ಮೆಸ್ಸು ಬದುಕುತ್ತದೆ.

ಸಸ್ಯಾಹಾರಿ ಮೆಸ್ಸಿಗೂ ದರ್ಶಿನಿಯ ‘ಮಿನಿ ಮೀಲ್ಸ್’ಗೂ ಹೋಲಿಸಿದರೆ ನಾನು ಯಾವ ಅನುಮಾನವೂ ಇಲ್ಲದೆ ಮೆಸ್ಸಿನ ಕಡೆಗೆ. ಒಂದು ಪಲ್ಯ, ಒಂದು ಸಾರು, ಒಂದು ಹುಳಿ, ಮಜ್ಜಿಗೆ, ಇಷ್ಟನ್ನೇ ದಿನವೂ ಮಾಡುವ ಕಡೆ ಉಳಿಯುವ ಪದಾರ್ಥ ಕಡಿಮೆ, ಎಷ್ಟು ಜನ ಬರುತ್ತಾರೆಂಬ ಅಂದಾಜು ಖಚಿತ. ಆದರೆ ಮೆಸ್ಸಿಗೆ ಎರಡು ದೌರ್ಬಲ್ಯಗಳಿವೆ. ಮೊದಲನೆಯದು, ಮಾನಸಗಂಗೋತ್ರಿಗೂ ಸುತ್ತಲಿನ ಕಾಲೇಜುಗಳಿಗೂ ರಜೆ ಬಂದಾಗ ಗಿರಾಕಿ ಏಕಾಏಕಿ ಇಳಿಯುತ್ತಾರೆ. ಆಗ ಕೆಲವರು ಬಾಗಿಲು ಹಾಕುತ್ತಾರೆ, ಕೆಲವರು ಬೆಳಗ್ಗೆ ಮಾಡಿದ ಹುಳಿಯನ್ನೇ ರಾತ್ರಿಗೂ ಬಡಿಸುತ್ತಾರೆ. ಬಾಗಿಲು ಹಾಕುವವರೇ ಮೇಲು. ಎರಡನೆಯದು ಹೊತ್ತಿನದು: ಒಂದು ಗಂಟೆಯ ಊಟವೇ ಬೇರೆ, ಎರಡೂವರೆಯ ಊಟವೇ ಬೇರೆ. ತಿಂಗಳ ಕೂಪನ್ ಪುಸ್ತಕ ಅಗ್ಗವಾಗುತ್ತದೆಂದು ಮೊದಲ ದಿನವೇ ಕೊಳ್ಳುವ ಬದಲು ಒಂದು ವಾರ ಬಿಡಿಯಾಗಿ ಉಂಡು ನೋಡುವುದು ಲೇಸು; ಏಳು ದಿನದಲ್ಲಿ ಎಷ್ಟು ಬಗೆಯ ಪಲ್ಯ ಬಂತೆಂದು ಎಣಿಸಿದರೆ ಮುಂದಿನ ತಿಂಗಳೂ ಅದರ ಆಚೆಗೆ ಹೆಚ್ಚೇನೂ ಇರುವುದಿಲ್ಲ.

ನಾಟಿ ಶೈಲಿಯ ಹೋಟೆಲುಗಳಲ್ಲಿ ದಿನವನ್ನು ಆರಿಸಿಕೊಳ್ಳುವುದೇ ಹೋಟೆಲನ್ನು ಆರಿಸಿಕೊಂಡಷ್ಟು ಮುಖ್ಯ. ಈ ಸೀಮೆಯಲ್ಲಿ ಸೋಮವಾರ, ಶನಿವಾರ ಮಾಂಸ ಮುಟ್ಟದ ಮನೆಗಳು ಬಹಳ. ಶ್ರಾವಣದಲ್ಲಂತೂ ತಿಂಗಳಿಡೀ ಬಿಡುವವರಿದ್ದಾರೆ. ಗಿರಾಕಿ ಕಡಿಮೆಯಿರುವ ಈ ದಿನಗಳಲ್ಲಿ ಸಣ್ಣ ಹೋಟೆಲಿನಲ್ಲಿ ಹಿಂದಿನ ದಿನದ್ದು ಮುಂದುವರಿಯುವ ಸಂಭವ ಹೆಚ್ಚು. ಭಾನುವಾರ, ಮಂಗಳವಾರ, ಬುಧವಾರ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಹೋದರೆ ತಲೆಮಾಂಸ, ಬೋಟಿ, ಕೈಮಾ ಸಿಗುತ್ತವೆ. ಎರಡರ ನಂತರ ‘ಚಾಪ್ಸ್ ಒಂದೇ ಇರೋದು’ ಎಂಬ ಉತ್ತರ ಬಂದರೆ ಆ ಹೋಟೆಲಿಗೆ ಇನ್ನೊಮ್ಮೆ ಬೇಗ ಹೋಗಿ. ಯುಗಾದಿಯ ಮರುದಿನದ ವರ್ಷತೊಡಕಿಗೆ ಮಾತ್ರ ಯಾವ ಹೋಟೆಲಿನ ಬಗ್ಗೆಯೂ ಯಾವ ಲೆಕ್ಕವೂ ನಡೆಯುವುದಿಲ್ಲ.

ಇಂಥ ಕಡೆ ನಾನು ಮೊದಲು ನೋಡುವುದು ಸಾರನ್ನಲ್ಲ, ಮುದ್ದೆಯನ್ನು. ಆಗತಾನೆ ತೊಳೆಸಿ ಕಟ್ಟಿದ ಮುದ್ದೆ ಹೊಳೆಯುತ್ತದೆ, ಬೆರಳಿಟ್ಟರೆ ಸುಡುತ್ತದೆ, ಮುರಿದಾಗ ಒಳಗಿನಿಂದ ಹಬೆ ಏಳುತ್ತದೆ. ಕಟ್ಟಿ ಒಂದು ಗಂಟೆಯಾದದ್ದರ ಮೇಲೆ ತೆಳುವಾದ ಒಣ ಚರ್ಮ ಕಟ್ಟಿ ಸಣ್ಣ ಬಿರುಕುಗಳು ಕಾಣಿಸುತ್ತವೆ. ಹಾಟ್‌ಬಾಕ್ಸಿನಲ್ಲಿಟ್ಟು ಬಿಸಿ ಉಳಿಸಬಹುದು, ಹೊಳಪನ್ನು ಉಳಿಸಲಾಗದು. ಹತ್ತು ಮುದ್ದೆ ಮುಗಿದ ಮೇಲೆ ಮತ್ತೆ ಎಸರಿಡುವಷ್ಟು ತಾಳ್ಮೆಯಿರುವ ಅಡುಗೆಯವರು ಮಾಂಸವನ್ನೂ ಅಷ್ಟೇ ಜೋಪಾನವಾಗಿ ನೋಡಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಸಂಜೆ ಮತ್ತು ರಾತ್ರಿ

ಸಂಜೆಯ ತಳ್ಳುಗಾಡಿಗಳಲ್ಲಿ ಚುರುಮುರಿಯವರನ್ನೂ ಗೋಬಿಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚುರುಮುರಿಯನ್ನು ನಿಮ್ಮೆದುರಿಗೇ ಕಲಸಿಕೊಡುತ್ತಾರೆ. ಹೆಚ್ಚಿಟ್ಟ ಈರುಳ್ಳಿ, ಟೊಮ್ಯಾಟೊ ಬಾಡಿದೆಯೇ ಎಂಬುದೊಂದನ್ನು ನೋಡಿದರೆ ಸಾಕು. ಪಾನಿಪುರಿಯಲ್ಲಿ ನೀರಿನ ಪ್ರಶ್ನೆಯಿದೆ, ಮಸಾಲೆಪುರಿಯಲ್ಲಿ ಬಟಾಣಿಯ ರಸ ಒಲೆಯ ಮೇಲೆ ಕುದಿಯುತ್ತಿರಬೇಕೆಂಬ ಷರತ್ತಿದೆ. ಗೋಬಿ ಮಂಚೂರಿಗೆ ಬಣ್ಣ ಮತ್ತು ಎಣ್ಣೆ ಎರಡನ್ನೂ ನೋಡಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಅದೇ ವರ್ಷದ ಜೂನ್‌ನಲ್ಲಿ ಕಬಾಬಿಗೂ ಆ ನಿಷೇಧ ಬಂತು. ಬ್ಯಾಡಗಿ ಮೆಣಸಿನಕಾಯಿ ಕೊಡುವ ಕೆಂಪು ಕರಿದ ಮೇಲೆ ಕಂದಿಗೆ ತಿರುಗುತ್ತದೆ; ತಿಂದ ಮೇಲೂ ಬೆರಳಿನಲ್ಲಿ ಉಳಿಯುವ ಕೆಂಪಿನ ಮೂಲ ಬೇರೆ. ಬಾಣಲೆಯ ಎಣ್ಣೆ ಕಪ್ಪಗಾಗಿ ನೊರೆ ಏಳುತ್ತಿದ್ದರೆ ಮುಂದಕ್ಕೆ ನಡೆಯಿರಿ. ಬೋಂಡಾ, ಬಜ್ಜಿಯನ್ನು ಅಚ್ಚಾದ ಪೇಪರಿನಲ್ಲಿ ಕಟ್ಟಿಕೊಡುವವರಿಗೆ ಬಾಳೆಎಲೆಯ ತುಂಡನ್ನೋ ಮನೆಯಿಂದ ತಂದ ಡಬ್ಬಿಯನ್ನೋ ತೋರಿಸಿದರೆ ಯಾರೂ ಬೇಡವೆನ್ನುವುದಿಲ್ಲ.

ರಾತ್ರಿಯ ‘ಫ್ಯಾಮಿಲಿ ರೆಸ್ಟೋರೆಂಟು’ಗಳು ಹೆಚ್ಚಾಗಿ ಕಾಂತರಾಜ ಅರಸು ರಸ್ತೆಯಂಥ ದೊಡ್ಡ ರಸ್ತೆಗಳಲ್ಲಿವೆ. ಉತ್ತರ ಭಾರತದ್ದು, ಚೀನಾದ್ದು, ತಂದೂರಿಯದು ಎಂದು ಹನ್ನೆರಡು ಪುಟದ ಮೆನು ಕೊಡುವ ಕಡೆ ಮಂಗಳವಾರ ರಾತ್ರಿ ಮೂರೇ ಮೇಜು ತುಂಬಿದ್ದರೆ, ಅಷ್ಟೂ ಪದಾರ್ಥಗಳಿಗೆ ಬೇಕಾದ ಗ್ರೇವಿ ಎಲ್ಲಿಂದ ಬರುತ್ತದೆಂದು ಯೋಚಿಸಿ ನೋಡಿ. ಇಲ್ಲಿ ಮಾತ್ರ ನನ್ನ ಸಲಹೆ ತಿಂಡಿಗೆ ಹೇಳಿದ್ದಕ್ಕೆ ತದ್ವಿರುದ್ಧ: ಜನ ತುಂಬಿದ ಶನಿವಾರ ರಾತ್ರಿಯೇ ಹೋಗಿ, ಸ್ವಲ್ಪ ಕಾದರೂ ಚಿಂತೆಯಿಲ್ಲ.

ಮೊಬೈಲಿನಲ್ಲಿ ತರಿಸಿಕೊಳ್ಳುವವರು ನಕ್ಷತ್ರಗಳನ್ನು ಎಣಿಸುವ ಮೊದಲು ವಿಳಾಸವನ್ನು ಓದಬೇಕು. ಬಿರಿಯಾನಿಗೆ ಒಂದು ಹೆಸರು, ರೋಲಿಗೆ ಇನ್ನೊಂದು, ಸಿಹಿಗೆ ಮತ್ತೊಂದು ಹೆಸರಿಟ್ಟುಕೊಂಡ ಅಂಗಡಿಗಳೆಲ್ಲ ಒಂದೇ ಕ್ರಾಸಿನ ಒಂದೇ ಕಟ್ಟಡದಲ್ಲಿರುವುದು ಅಪರೂಪವಲ್ಲ. ಹಳೆಯ ಮೆಚ್ಚುಗೆಗಳಿಗೂ ಬೆಲೆ ಕಡಿಮೆ, ಏಕೆಂದರೆ ಸಣ್ಣ ಹೋಟೆಲಿನ ರುಚಿ ಬೋರ್ಡಿಗೆ ಸೇರಿದ್ದಲ್ಲ, ಭಟ್ಟರಿಗೆ ಸೇರಿದ್ದು. ಊರಿಂದ ಬಂದ ನಮ್ಮ ಚಿಕ್ಕಪ್ಪನವರನ್ನು, ನಾನೇ ಎರಡು ವರ್ಷ ಹೊಗಳಿದ್ದ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ವಾಂಗಿಬಾತಿನಲ್ಲಿ ಈರನಗೆರೆ ಬದನೆಯ ಬದಲು ಯಾವುದೋ ಬೀಜ ಬಲಿತ ಬದನೆ, ಪುಡಿಯಲ್ಲಿ ಚಕ್ಕೆಯ ಘಾಟು. ಚಿಕ್ಕಪ್ಪ ಏನೂ ಅನ್ನದೆ ನೀರು ಕುಡಿದರು. ಕ್ಯಾಷಿನಲ್ಲಿದ್ದವರನ್ನು ಕೇಳಿದರೆ, ಹಳೆಯ ಭಟ್ಟರು ಊರಿಗೆ ಹೋಗಿ ಒಂದೂವರೆ ತಿಂಗಳಾಗಿತ್ತು. ಅಂದಿನಿಂದ ನಾನು ಯಾರಿಗಾದರೂ ಹೋಟೆಲಿನ ಹೆಸರು ಹೇಳುವ ಮೊದಲು ಆ ವಾರದಲ್ಲಿ ಒಮ್ಮೆ ಹೋಗಿ ಬರುತ್ತೇನೆ.

ಮನೆ ಅಡುಗೆ ತರಿಸಿಕೊಳ್ಳುವವರಿಗೆ

ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ಇಬ್ಬರೇ ಹಿರಿಯರಿರುವ ಮನೆಗಳು ಈ ಬಡಾವಣೆಗಳಲ್ಲಿ ಬೇಕಾದಷ್ಟಿವೆ, ಅವರಿಗೆ ಕ್ಯಾರಿಯರ್ ಕಳಿಸುವ ಮನೆಗಳೂ ಹಾಗೆಯೇ ಬೆಳೆದಿವೆ. ಹೋಟೆಲಿಗೆ ಹೋಲಿಸಿದರೆ ಇವರ ದೊಡ್ಡ ಗುಣ, ಹೇಳಿದ್ದನ್ನು ಕೇಳುತ್ತಾರೆ: ಉಪ್ಪು ಕಡಿಮೆ, ಖಾರ ಬೇಡ, ಏಕಾದಶಿಗೆ ಅವಲಕ್ಕಿ. ತೊಂದರೆಯೆಂದರೆ ಆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ನಿಮ್ಮ ಊಟವೂ ಇಲ್ಲ. ಆದ್ದರಿಂದ ಇದೊಂದನ್ನೇ ನೆಚ್ಚದೆ ಪಕ್ಕದ ಮೆಸ್ಸಿನ ನಂಬರನ್ನೂ ಇಟ್ಟುಕೊಂಡಿರಬೇಕು. ಅಡುಗೆ ಎಷ್ಟು ಗಂಟೆಗೆ ಮುಗಿಯುತ್ತದೆ, ನಿಮ್ಮ ಬಾಗಿಲಿಗೆ ಎಷ್ಟು ಗಂಟೆಗೆ ಬರುತ್ತದೆ ಎಂಬ ಎರಡು ಪ್ರಶ್ನೆ ಕೇಳಿ. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದ ಮೇಲೆ ಕೆಡುವ ವೇಗ ಹೆಚ್ಚುವುದರಿಂದ, ಹತ್ತಕ್ಕೆ ಮುಗಿದ ಅಡುಗೆ ಒಂದೂವರೆಗೆ ತಲುಪುವುದಾದರೆ ಅದು ಹಿರಿಯರಿಗೆ ಸಲ್ಲದು.

ಗೋಡೆ ಮತ್ತು ಬಿಲ್ಲು

ಯಾವ ಬಗೆಯ ಹೋಟೆಲಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಕಾಣುವಂತೆ ಇರಬೇಕು. ಮನೆಯಿಂದ ಅಡುಗೆ ಮಾಡಿ ಮಾರುವವರಿಗೂ ನೋಂದಣಿ ಕಡ್ಡಾಯ. ಸಂಖ್ಯೆಯ ಮೊದಲ ಅಂಕಿ 1 ಆದರೆ ಪರವಾನಗಿ, 2 ಆದರೆ ಸಣ್ಣ ವ್ಯಾಪಾರಕ್ಕೆ ಕೊಡುವ ನೋಂದಣಿ. ನಮ್ಮ ರಾಜ್ಯದಿಂದ ಕೊಟ್ಟದ್ದಾದರೆ ನಂತರದ ಎರಡು ಅಂಕಿ 12, ಅದರ ಮುಂದಿನ ಎರಡು ಅಂಕಿ ಕೊಟ್ಟ ವರ್ಷ. 21219 ಎಂದು ಶುರುವಾಗುವ ಸಂಖ್ಯೆಯನ್ನು ನೋಡಿದರೆ 2019ರಲ್ಲಿ ನೋಂದಣಿಯಾದ ಸಣ್ಣ ಹೋಟೆಲೆಂದು ತಿಳಿಯಬಹುದು. ಇದರಿಂದ ರುಚಿ ತಿಳಿಯುವುದಿಲ್ಲ, ಆದರೆ ಅಷ್ಟು ವರ್ಷ ಅದೇ ಹೆಸರಿನಲ್ಲಿ ನಡೆದದ್ದು ಏನನ್ನೋ ಹೇಳುತ್ತದೆ.

ಬಿಲ್ಲಿನಲ್ಲಿ ಸಾಮಾನ್ಯ ಹೋಟೆಲುಗಳು ಹಾಕುವ ಜಿಎಸ್‌ಟಿ ಶೇ. 5. ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಯಲ್ಲಿರುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ, ಹಾಗೆಂದು ಬಿಲ್ಲಿನಲ್ಲೇ ನಮೂದಿಸಿರಬೇಕು. ರೆಸ್ಟೋರೆಂಟಿನವರು ಸೇರಿಸುವ ‘ಸೇವಾ ಶುಲ್ಕ’ ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಅದನ್ನು ಹೇಳಿದೆ, ಬೇಡವೆಂದರೆ ತೆಗೆಯುತ್ತಾರೆ. ಇನ್ನು ಕೈಯಲ್ಲಿ ಸ್ವಲ್ಪ ನಗದು ಇರಲಿ. 2025ರ ಜುಲೈ ಹೊತ್ತಿಗೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಎದ್ದ ಅಂಜಿಕೆ ಕೆಲವು ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಪೂರ್ತಿ ಹೋಗಿಲ್ಲ.

ಯಾರನ್ನು ಕೇಳಬೇಕೆಂಬುದಕ್ಕೂ ಒಂದು ಕ್ರಮವಿದೆ. ಊಟಕ್ಕೆ ಹತ್ತಿರದ ಬ್ಯಾಂಕಿನ ಸಿಬ್ಬಂದಿಯನ್ನು ಕೇಳಿ. ಕೆಲಸದ ದಿನಗಳಲ್ಲೆಲ್ಲ ಅದೇ ಸುತ್ತಿನಲ್ಲಿ ಉಣ್ಣುವವರಿಗೆ ಯಾವ ಹೋಟೆಲು ಯಾವ ದಿನ ಕೈಕೊಡುತ್ತದೆಂದು ಗೊತ್ತಿರುತ್ತದೆ. ನಾಟಿ ಊಟಕ್ಕೆ ಆಟೋ ನಿಲ್ದಾಣದಲ್ಲಿ ವಿಚಾರಿಸಬೇಕು. ಪ್ರಶ್ನೆಯನ್ನು ‘ಎಲ್ಲಿ ಚೆನ್ನಾಗಿದೆ’ ಎಂದು ಕೇಳದೆ ‘ನೀವು ನಿನ್ನೆ ಎಲ್ಲಿ ಉಂಡಿರಿ’ ಎಂದು ಕೇಳಿದರೆ ಉತ್ತರ ಬದಲಾಗುವುದನ್ನು ಗಮನಿಸಿದ್ದೇನೆ.

ಇಷ್ಟೆಲ್ಲ ನೋಡಿಕೊಂಡರೂ ಭಾನುವಾರ ರಾತ್ರಿಯೊಂದು ಉಳಿದೇ ಉಳಿಯುತ್ತದೆ. ಮೆಸ್ಸು ಅಂದು ಮಧ್ಯಾಹ್ನಕ್ಕೇ ಮುಚ್ಚಿರುತ್ತದೆ, ದರ್ಶಿನಿಯಲ್ಲಿ ಬೆಳಗಿನ ನೂಕುನುಗ್ಗಲಿನ ನಂತರ ಹಿಟ್ಟು ಮುಗಿದಿರುತ್ತದೆ, ಕ್ಯಾರಿಯರ್‌ನವರಿಗೂ ವಾರದ ರಜೆ. ಆ ರಾತ್ರಿಗೆಂದು ನಾನು ಸಂಜೆ ಆರಕ್ಕೇ ಅಯ್ಯಂಗಾರ್ ಬೇಕರಿಯಿಂದ ಖಾರದ ಬನ್ನು, ನಂದಿನಿ ಬೂತಿನಿಂದ ಅರ್ಧ ಲೀಟರ್ ಮೊಸರು ತಂದಿಟ್ಟುಕೊಳ್ಳುತ್ತೇನೆ. ಏಳರ ನಂತರ ಹೋದರೆ ಬನ್ನೂ ಖಾಲಿ.